ಹೊಲದ ದುಡಿತವಿರುವಾಗ ಬೇರೆ ನಡಿಗೆಯೇಕೆ? ರಕ್ತದೊತ್ತಡದ ಲೆಕ್ಕ ಬೇರೆಯೇ ಇದೆ

“ನಸುಕಿನಿಂದ ಕತ್ತಲಾಗೋತನಕ ಹೊಲದಾಗ ದುಡಿಯವ್ರಿಗೆ ಮತ್ಯಾಕ್ರಿ ವಾಕಿಂಗು?” ರಕ್ತದೊತ್ತಡ ಕಂಡುಬಂದವರಿಗೆ ದಿನಕ್ಕೆ ಅರ್ಧ ತಾಸು ಬಿರುಸಾಗಿ ನಡೆಯಿರಿ ಎಂದು ವೈದ್ಯರು ಸಲಹೆ ನೀಡಿದಾಗ ಸಂಖ, ಉಮದಿ, ಮಾಡಗ್ಯಾಳ ಭಾಗದ ಹಳ್ಳಿಗಳಲ್ಲಿ ಕೇಳಿಬರುವ ಮರುಪ್ರಶ್ನೆಯಿದು. ಕೇಳಿದವರನ್ನು ನಕ್ಕು ಕಳುಹಿಸುವುದು ಸುಲಭ. ಆದರೆ ಪ್ರಶ್ನೆ ಹಗುರವಾದುದಲ್ಲ. ಮೈಮುರಿದು ಮಾಡುವ ದುಡಿಮೆಯೂ ಬೇಕೆಂದು ಮಾಡುವ ವ್ಯಾಯಾಮವೂ ಹೃದಯಕ್ಕೆ ಒಂದೇ ಬಗೆಯ ಫಲ ಕೊಡುತ್ತವೆಯೇ ಎಂಬುದನ್ನು ವೈದ್ಯವಿಜ್ಞಾನವು ಏಳು ದಶಕಗಳಿಂದ ಪರಿಶೀಲಿಸುತ್ತಲೇ ಇದೆ. ಇತ್ತೀಚಿನ ವರ್ಷಗಳಲ್ಲಿ ಬಂದ ಉತ್ತರಗಳಂತೂ ಕಬ್ಬು ಕಡಿಯುವವರ, ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡುವವರ, ಕುರಿ ಕಾಯುವವರ ನೆಲವಾದ ನಮ್ಮ ಜತ್ತ ತಾಲೂಕಿಗೆ ನೇರವಾಗಿ ಸಂಬಂಧಿಸಿವೆ.

ಇದನ್ನು ಕನ್ನಡದಲ್ಲಿ, ಮೊದಲಿನಿಂದ ಬಿಡಿಸಿ ಹೇಳಲು ಇನ್ನೊಂದು ಕಾರಣವೂ ಇದೆ. ಗಡಿಯ ಈಚೆಗಿನ ನಮಗೆ ಆರೋಗ್ಯದ ಫಲಕಗಳು ದೊರೆಯುವುದು ಮರಾಠಿಯಲ್ಲಿ, ಗುಳಿಗೆಯ ಚೀಟಿ ಇಂಗ್ಲಿಷಿನಲ್ಲಿ. ಶಾಲೆಗೆ ಹೋಗುವ ಮೊಮ್ಮಗಳು ಎರಡನ್ನೂ ಓದಬಲ್ಲಳು. ಕನ್ನಡವನ್ನಷ್ಟೇ ಓದಬಲ್ಲ ಅಜ್ಜನಿಗೆ ‘ಉಚ್ಚ ರಕ್ತದಾಬ’ ಎಂಬ ಬರಹ ಗೋಡೆಯ ಮೇಲಿನ ಬಣ್ಣ ಮಾತ್ರ. ಕಾಯಿಲೆಯಿರುವುದು ಅಜ್ಜನಿಗೆ.

ಎರಡು ಅಂಕಿಗಳು

ಹೃದಯವು ಮುದುಡಿ ರಕ್ತವನ್ನು ದೂಡಿದಾಗ ಧಮನಿಗಳ ಗೋಡೆಯ ಮೇಲೆ ಬೀಳುವ ಒತ್ತಡ ಮೇಲಿನ ಅಂಕಿ; ಮುಂದಿನ ಬಡಿತಕ್ಕೆ ಮೊದಲು ಹೃದಯ ಸಡಿಲಗೊಂಡಾಗ ಉಳಿಯುವ ಒತ್ತಡ ಕೆಳಗಿನ ಅಂಕಿ. ಎರಡನ್ನೂ ಪಾದರಸದ ಮಿಲಿಮೀಟರುಗಳಲ್ಲಿ ಹೇಳುತ್ತಾರೆ. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಅಧಿಕ ರಕ್ತದೊತ್ತಡ. ಹನಿ ನೀರಾವರಿ ಮಾಡಿಸಿದ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಫಿಲ್ಟರಿನ ಪಕ್ಕದಲ್ಲಿರುವ ಒತ್ತಡ ಮಾಪಕದ ಮುಳ್ಳು ಮೇಲೇರಿ ನಿಂತರೆ ಪಂಪಿಗೂ ಭಾರ, ಪೈಪಿನ ಜೋಡಣೆಗಳಿಗೂ ಅಪಾಯ. ಪೈಪು ಹೊಸದಿದ್ದು ಮೆತ್ತಗಿದ್ದಾಗ ಒತ್ತಡವನ್ನು ತಾಳಿಕೊಳ್ಳುತ್ತದೆ. ಬಿಸಿಲಿಗೆ ಒಣಗಿ ಗಡುಸಾದ ಪೈಪು ಬಿರಿಯುತ್ತದೆ. ದೇಹದಲ್ಲಿ ಹಾಗೆ ಬಿರಿಯುವ ಅಥವಾ ಕಟ್ಟಿಕೊಳ್ಳುವ ಸ್ಥಳ ಮೆದುಳಾದರೆ ಪಾರ್ಶ್ವವಾಯು, ಹೃದಯದ ಧಮನಿ ಕಟ್ಟಿಕೊಂಡರೆ ಹೃದಯಾಘಾತ; ಮೂತ್ರಪಿಂಡವಂತೂ ಸದ್ದಿಲ್ಲದೆ ಸೋಲುತ್ತ ಹೋಗುತ್ತದೆ.

ಒಂದು ವ್ಯತ್ಯಾಸವುಂಟು. ಪಂಪಿನ ಒತ್ತಡ ಏರಿದರೆ ಸದ್ದಾಗುತ್ತದೆ, ರಕ್ತದೊತ್ತಡ ಏರಿದರೆ ಬಹುತೇಕರಿಗೆ ಏನೂ ತಿಳಿಯುವುದಿಲ್ಲ. ತಲೆ ತಿರುಗಿದರಷ್ಟೇ ಬಿ.ಪಿ. ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ನಿಜವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 35.5ರಷ್ಟು ಮಂದಿಗೆ ಅಧಿಕ ರಕ್ತದೊತ್ತಡವಿದೆ. ಇದನ್ನು ಹತೋಟಿಗೆ ತರಲೆಂದೇ 2017ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಕಾರ್ಯಕ್ರಮದ ಮೊದಲ ಐದು ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಒಂದಾಗಿತ್ತು.

ನಮ್ಮ ಭಾಗದವರು ಗಮನಿಸಬೇಕಾದ ಇನ್ನೊಂದು ಅಂಕಿಯಿದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರೂ ಪಾಲ್ಗೊಂಡಿದ್ದರು. ಭಾರತ ಮತ್ತು ನೆರೆಯ ದೇಶಗಳವರಲ್ಲಿ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿನಲ್ಲಿಯೇ ಸಂಭವಿಸುತ್ತದೆ, ಉಳಿದ ದೇಶಗಳವರಲ್ಲಿ ಸುಮಾರು 59ಕ್ಕೆ ಎಂಬುದು ಅಲ್ಲಿ ಕಂಡುಬಂತು. ಆರು ವರ್ಷ ಎಂದರೆ ಕೊನೆಯ ಮಗಳ ಮದುವೆ, ಸಾಲದ ಕೊನೆಯ ಕಂತು ಬಾಕಿಯಿರುವ ವಯಸ್ಸು. ಹೀಗೆ ಬೇಗ ಬರಲು ಕಾರಣವಾಗಿ ಕಂಡ ಅಂಶಗಳಲ್ಲಿ ತಂಬಾಕು, ಮಧುಮೇಹ, ರಕ್ತದೊತ್ತಡಗಳೊಂದಿಗೆ ವ್ಯಾಯಾಮದ ಕೊರತೆಯೂ ಇದ್ದಿತು.

ಏರೋಬಿಕ್ ಎಂದರೇನು

ನಮ್ಮಲ್ಲಿ ವ್ಯಾಯಾಮ ಎಂದೊಡನೆ ನೆನಪಾಗುವುದು ಗರಡಿ, ಪೈಲ್ವಾನ, ದಂಡ-ಬೈಠಕ್. ಸಾಂಗಲಿ, ಕೊಲ್ಲಾಪುರ, ವಿಜಯಪುರಗಳ ನಡುವೆ ಇರುವವರಿಗೆ ಇದು ಸಹಜವೇ. ಹಾಗಾಗಿ ವ್ಯಾಯಾಮವೆಂದರೆ ಹರೆಯದ ಗಂಡುಮಕ್ಕಳ ಕೆಲಸ, ಐವತ್ತು ದಾಟಿದವರಿಗೂ ಹೆಣ್ಣುಮಕ್ಕಳಿಗೂ ಅಲ್ಲ ಎಂಬ ಭಾವನೆ ಬೆಳೆದುಬಂದಿದೆ. ಏರೋಬಿಕ್ ವ್ಯಾಯಾಮ ಬೇರೆ ಜಾತಿಯದು. ದೊಡ್ಡ ಸ್ನಾಯುಗಳು ಲಯಬದ್ಧವಾಗಿ, ತಡೆಯಿಲ್ಲದೆ, ಕೆಲವು ನಿಮಿಷಗಳಾದರೂ ಚಲಿಸುತ್ತಿರಬೇಕು. ಅವುಗಳಿಗೆ ಬೇಕಾದ ಆಮ್ಲಜನಕವನ್ನು ಉಸಿರೂ ರಕ್ತವೂ ಆಗಿಂದಾಗ್ಗೆ ಪೂರೈಸುತ್ತಿರಬೇಕು. ಬಿರುಸು ನಡಿಗೆ, ಓಟ, ಸೈಕಲ್ ಸವಾರಿ, ಈಜು ಇವು ಈ ಬಗೆಯವು. ನಮ್ಮ ಡೊಳ್ಳಿನ ಕುಣಿತ, ಲೇಜಿಮು, ಕೋಲಾಟಗಳೂ ಇದೇ ಗುಂಪಿಗೆ ಸೇರುತ್ತವೆ ಎಂದರೆ ತಪ್ಪಿಲ್ಲ. ಈ ಹೆಸರನ್ನು ಜನಪ್ರಿಯಗೊಳಿಸಿದ್ದು ಅಮೆರಿಕದ ವಾಯುಪಡೆಯಲ್ಲಿ ವೈದ್ಯರಾಗಿದ್ದ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ ಪುಸ್ತಕ.

ಎಷ್ಟು ಬಿರುಸಾಗಿರಬೇಕೆಂಬುದಕ್ಕೆ ಯಂತ್ರದ ಅಗತ್ಯವಿಲ್ಲ. ನಡೆಯುತ್ತ ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗಬೇಕು, ಭಜನೆಯ ಪದ ಎತ್ತಿಕೊಂಡರೆ ಉಸಿರು ಸಾಲದಂತಾಗಬೇಕು. ಅದೇ ಮಧ್ಯಮ ವೇಗ. ಹಾಡಲು ಬರುತ್ತಿದ್ದರೆ ನಡಿಗೆ ಮಂದವಾಯಿತು. ಮಾತೂ ಹೊರಡದಿದ್ದರೆ ಅತಿಯಾಯಿತು. ಇದನ್ನು ನಾನು ಸಲಹೆ ಕೇಳಿದವರಿಗೆಲ್ಲ ಮೊದಲು ಹೇಳುವ ಮಾತು, ಏಕೆಂದರೆ ಬಹಳಷ್ಟು ಜನ ನಡಿಗೆಯೆಂದು ಮಾಡುವುದು ಚಹದಂಗಡಿಯವರೆಗಿನ ಸಾವಕಾಶದ ತಿರುಗಾಟ.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಇಂತಹ ಮಧ್ಯಮ ವೇಗದ ಚಟುವಟಿಕೆ ಬೇಕು. ಓಟದಂತಹ ತೀವ್ರ ಚಟುವಟಿಕೆಯಾದರೆ ಇದರ ಅರ್ಧ ಸಾಕು. ಒಂದೇ ಸಲ ಅರ್ಧ ತಾಸು ಆಗಬೇಕೆಂಬ ನಿಯಮವೂ ಈಗಿಲ್ಲ. ಮುಂಜಾನೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷವೂ ಲೆಕ್ಕಕ್ಕೆ ಸೇರುತ್ತದೆ. 2022ರ ಸ್ಥಿತಿಯನ್ನು ಕುರಿತ ಜಾಗತಿಕ ಅಧ್ಯಯನವೊಂದರ ಪ್ರಕಾರ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಈ ಕನಿಷ್ಠ ಮಟ್ಟವನ್ನೂ ಮುಟ್ಟುತ್ತಿಲ್ಲ. ಹೆಂಗಸರಲ್ಲಿ ಈ ಕೊರತೆ ಗಂಡಸರಿಗಿಂತ ಹೆಚ್ಚು.

ದೇಹದೊಳಗೆ ನಡೆಯುವುದೇನು

ನಡೆಯತೊಡಗಿದಾಗ ರಕ್ತದೊತ್ತಡ ಮೊದಲು ಏರುತ್ತದೆ. ಇದನ್ನು ಕೇಳಿ ಹೆದರುವವರಿದ್ದಾರೆ. ಮೇಲಿನ ಅಂಕಿ ಏರುವುದು ಸಹಜ, ಕಾಲಿನ ಸ್ನಾಯುಗಳಿಗೆ ಹೆಚ್ಚು ರಕ್ತ ಬೇಕಲ್ಲವೇ? ಕೆಳಗಿನ ಅಂಕಿ ಹೆಚ್ಚುಕಡಿಮೆ ಇದ್ದಲ್ಲಿಯೇ ಇರುತ್ತದೆ, ಏಕೆಂದರೆ ಅದೇ ಹೊತ್ತಿಗೆ ಸ್ನಾಯುಗಳೊಳಗಿನ ಸಣ್ಣ ನಾಳಗಳು ಅಗಲಗೊಳ್ಳುತ್ತವೆ. ನಡಿಗೆ ಮುಗಿದ ಮೇಲೆ ಒತ್ತಡ ಮೊದಲಿದ್ದುದಕ್ಕಿಂತಲೂ ಕೆಳಗಿಳಿದು ಹಲವು ತಾಸು, ಕೆಲವರಲ್ಲಿ ಇಡೀ ದಿನದವರೆಗೆ ಹಾಗೆಯೇ ನಿಲ್ಲುತ್ತದೆ. ದಿನಬಿಟ್ಟು ದಿನವಾದರೂ ನಡೆಯಲೇಬೇಕು ಎನ್ನುವುದರ ಹಿಂದಿನ ಕಾರಣ ಇದೇ: ಇಳಿದ ಒತ್ತಡ ಪುನಃ ಏರುವ ಹೊತ್ತಿಗೆ ಮತ್ತೊಂದು ನಡಿಗೆ ಸಿದ್ಧವಿರಬೇಕು.

ವಾರಗಳು ಕಳೆದಂತೆ ಆಳವಾದ ಬದಲಾವಣೆಗಳು ಆಗುತ್ತವೆ. ರಕ್ತ ರಭಸದಿಂದ ಹರಿಯುವಾಗ ನಾಳದ ಒಳಪದರವನ್ನು ಉಜ್ಜಿಕೊಂಡು ಹೋಗುತ್ತದೆ. ಈ ಉಜ್ಜುವಿಕೆಗೆ ಓಗೊಟ್ಟು ಆ ಪದರವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸೂಸುತ್ತದೆ. ಅದು ನಾಳದ ಗೋಡೆಯ ಸ್ನಾಯುವನ್ನು ಸಡಿಲಗೊಳಿಸುತ್ತದೆ. ಇಷ್ಟು ಸಾಮಾನ್ಯವಾದ ಅನಿಲವೊಂದು ದೇಹದಲ್ಲಿ ಇಂತಹ ಕೆಲಸ ಮಾಡುತ್ತದೆಂದು ತೋರಿಸಿದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಎಂಬ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ನಿತ್ಯ ನಡೆಯುವವರಲ್ಲಿ ಈ ಅನಿಲ ಚೆನ್ನಾಗಿ ಉತ್ಪತ್ತಿಯಾಗಿ, ಗಡುಸಾಗುತ್ತಿದ್ದ ಧಮನಿಗಳು ತಮ್ಮ ಮೆದುತನವನ್ನು ಸ್ವಲ್ಪಮಟ್ಟಿಗೆ ಮರಳಿ ಪಡೆಯುತ್ತವೆ. ನಾಳಗಳನ್ನು ಬಿಗಿಹಿಡಿಯುವ ನರಗಳ ಹುರುಪು ತಗ್ಗುತ್ತದೆ. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ; ಆದ್ದರಿಂದ ಸಕ್ಕರೆ ಕಾಯಿಲೆಯವರಿಗೆ ಎರಡು ಲಾಭ.

ಹೃದಯವೂ ಮಿತವ್ಯಯಿಯಾಗುತ್ತದೆ. ಒಂದೊಂದು ಬಡಿತದಲ್ಲಿ ಹೆಚ್ಚು ರಕ್ತ ದೂಡಬಲ್ಲ ಹೃದಯಕ್ಕೆ ಹೆಚ್ಚು ಸಲ ಬಡಿಯುವ ಅಗತ್ಯವಿಲ್ಲ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 72 ಇದ್ದ ನಾಡಿ 62ಕ್ಕೆ ಇಳಿಯಿತೆಂದುಕೊಳ್ಳೋಣ. ಏಳನೇ ಇಯತ್ತೆಯ ಮಕ್ಕಳು ಮಾಡಬಲ್ಲ ಗುಣಾಕಾರ: ನಿಮಿಷಕ್ಕೆ 10, ದಿನಕ್ಕೆ 1,440 ನಿಮಿಷ, ಅಂದರೆ ದಿನಕ್ಕೆ 14,400 ಬಡಿತಗಳ ಉಳಿತಾಯ.

ಒಟ್ಟಿನಲ್ಲಿ ಒತ್ತಡ ಎಷ್ಟು ಇಳಿಯುತ್ತದೆ? ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಅಧಿಕ ರಕ್ತದೊತ್ತಡವಿರುವವರು ಏರೋಬಿಕ್ ವ್ಯಾಯಾಮ ಮಾಡಿದಾಗ ಮೇಲಿನ ಅಂಕಿ ಸರಾಸರಿ 8.3, ಕೆಳಗಿನ ಅಂಕಿ 5.2 ಇಳಿದುದು ಕಂಡಿತು. ಒತ್ತಡ ಸರಿಯಿದ್ದವರಲ್ಲಿ ಇಳಿಕೆ ಅತ್ಯಲ್ಪ. ಎಂದರೆ ಯಾರಿಗೆ ಬೇಕೋ ಅವರಿಗೇ ಹೆಚ್ಚು ಫಲ. ಒಂದು ಸಾಮಾನ್ಯ ಗುಳಿಗೆ ಪೂರ್ಣ ಪ್ರಮಾಣದಲ್ಲಿ ಕೊಡುವ ಇಳಿಕೆಯೂ ಹೆಚ್ಚುಕಡಿಮೆ ಇಷ್ಟೇ. ಎಂಟು ಮಿಲಿಮೀಟರ್ ಎಂದರೆ ಏನು ಮಹಾ ಎನಿಸಬಹುದು. ಸುಮಾರು 3 ಲಕ್ಷ 44 ಸಾವಿರ ಜನರ ಮೇಲೆ ನಡೆದ 48 ಪ್ರಯೋಗಗಳ ಮಾಹಿತಿಯನ್ನು 2021ರಲ್ಲಿ ಒಟ್ಟಾಗಿ ನೋಡಿದಾಗ, ಮೇಲಿನ ಅಂಕಿಯನ್ನು ಗುಳಿಗೆಗಳಿಂದ ಕೇವಲ 5ರಷ್ಟು ಇಳಿಸಿದರೂ ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ನೂರಕ್ಕೆ ಹತ್ತರಷ್ಟು ಕಡಿಮೆಯಾದವು.

ಬಸ್ಸಿನ ಚಾಲಕ, ಬಸ್ಸಿನ ನಿರ್ವಾಹಕ

ದುಡಿಮೆಯ ಪ್ರಶ್ನೆಗೆ ಈಗ ಬರೋಣ. ಇದನ್ನು ಮೊದಲು ಶಾಸ್ತ್ರೀಯವಾಗಿ ಕೇಳಿದವರು ಲಂಡನ್ನಿನ ವೈದ್ಯ ಜೆರೆಮಿ ಮಾರಿಸ್. ಅಲ್ಲಿಯ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕ ದಿನವಿಡೀ ಕುಳಿತಿರುತ್ತಿದ್ದ. ನಿರ್ವಾಹಕ ಟಿಕೀಟು ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಇಬ್ಬರದೂ ಒಂದೇ ಸಂಸ್ಥೆ, ಒಂದೇ ಊರು. ಸುಮಾರು 31 ಸಾವಿರ ಸಾರಿಗೆ ನೌಕರರನ್ನು ಒಳಗೊಂಡ ಈ ಅಧ್ಯಯನ 1953ರಲ್ಲಿ ಪ್ರಕಟವಾಯಿತು. ನಿರ್ವಾಹಕರಿಗೆ ಹೃದಯಾಘಾತ ಕಡಿಮೆ, ಬಂದರೂ ತಡವಾಗಿ ಬರುತ್ತಿತ್ತು. ನಡೆದೋ ಸೈಕಲ್ ತುಳಿದೋ ಪತ್ರ ಹಂಚುವ ಅಂಚೆಯವರಿಗೂ ಕುಳಿತು ಕೆಲಸ ಮಾಡುವ ಗುಮಾಸ್ತರಿಗೂ ಇದೇ ಅಂತರ ಕಂಡಿತು.

ಮಾರಿಸ್ ಅಲ್ಲಿಗೇ ನಿಲ್ಲಲಿಲ್ಲ, ಅದು ಅವರ ದೊಡ್ಡತನ. ಮೊದಲೇ ದಪ್ಪಗಿದ್ದವರು ಚಾಲಕರಾಗಿರಬಹುದಲ್ಲವೇ ಎಂದು ತಮ್ಮನ್ನೇ ಪ್ರಶ್ನಿಸಿಕೊಂಡು, ನೌಕರರಿಗೆ ಹೊಲಿಸಿಕೊಟ್ಟ ಸಮವಸ್ತ್ರದ ಸೊಂಟದ ಅಳತೆಗಳನ್ನು ತೆಗೆಸಿ ನೋಡಿದರು. ಚಾಲಕರ ಸೊಂಟ ಕೆಲಸಕ್ಕೆ ಸೇರುವಾಗಲೇ ಹೆಚ್ಚು ಅಗಲವಿತ್ತು! ಆದ್ದರಿಂದ ಅಂತರವೆಲ್ಲ ಮೆಟ್ಟಿಲಿನದೇ ಎನ್ನಲಾಗದು. ಆದರೂ ಚಲನೆಗೂ ಹೃದಯಕ್ಕೂ ಇರುವ ನಂಟನ್ನು ಅನಂತರದ ನೂರಾರು ಅಧ್ಯಯನಗಳು ದೃಢಪಡಿಸಿದವು.

ಇಷ್ಟು ಓದಿದವರಿಗೆ ಹೊಲದವರ ವಾದವೇ ಗೆದ್ದಂತೆ ತೋರಬಹುದು. ನಿರ್ವಾಹಕ ಮಾಡಿದ್ದೂ ದುಡಿಮೆಯೇ ತಾನೇ? ಆದರೆ 2021ರಲ್ಲಿ ಡೆನ್ಮಾರ್ಕಿನಿಂದ ಬಂದ ವರದಿ ಇಲ್ಲಿ ತೊಡಕೊಂದನ್ನು ತಂದಿಟ್ಟಿತು. ಕೋಪನ್‌ಹೇಗನ್ನಿನ ಸುಮಾರು 1 ಲಕ್ಷ 4 ಸಾವಿರ ಜನರನ್ನು ಹತ್ತು ವರ್ಷಗಳ ಕಾಲ ಗಮನಿಸಿದಾಗ, ಬಿಡುವಿನ ವೇಳೆಯಲ್ಲಿ ಹೆಚ್ಚು ವ್ಯಾಯಾಮ ಮಾಡುವವರಿಗೆ ಹೃದಯದ ಅಪಾಯ ಕಡಿಮೆಯಿತ್ತು. ಕೆಲಸದಲ್ಲಿಯೇ ಅತಿ ಹೆಚ್ಚು ಮೈ ದಣಿಸುವವರಿಗೆ, ಕುಳಿತು ದುಡಿಯುವವರಿಗಿಂತ, ಅಪಾಯ ನೂರಕ್ಕೆ 35ರಷ್ಟು ಹೆಚ್ಚಾಗಿತ್ತು. ಧೂಮಪಾನ, ಆದಾಯ, ಶಿಕ್ಷಣ ಮೊದಲಾದವುಗಳ ಪ್ರಭಾವವನ್ನು ಲೆಕ್ಕಹಾಕಿ ಕಳೆದ ಮೇಲೂ ಈ ಅಂತರ ಉಳಿಯಿತು.

ಏಕೆ ಹೀಗೆ? ಕಬ್ಬಿನ ಹಂಗಾಮಿನಲ್ಲಿ ನಮ್ಮ ತಾಲೂಕಿನಿಂದ ಗುಳೆ ಹೋಗುವ ಟೋಳಿಗಳ ಒಂದು ದಿನವನ್ನು ಕಣ್ಣೆದುರು ತಂದುಕೊಂಡರೆ ಉತ್ತರ ಹೊಳೆಯುತ್ತದೆ. ನಸುಕಿನ ಚಳಿಯಲ್ಲಿ ಕೊಯ್ತದಿಂದ ಆರಂಭ. ಬಾಗಿದ ಬೆನ್ನು ನೆಟ್ಟಗಾಗುವುದು ಹೊರೆ ಕಟ್ಟುವಾಗ. ಆಮೇಲೆ ಆ ಹೊರೆಯನ್ನು ತಲೆಯ ಮೇಲಿಟ್ಟು ಹಲಗೆ ಹತ್ತಿ ಟ್ರಾಲಿಗೆ ಏರಿಸಬೇಕು. ಭಾರ ಎತ್ತುವಾಗ ಉಸಿರು ಬಿಗಿಹಿಡಿಯುವುದು ಎಲ್ಲರ ಅಭ್ಯಾಸ. ಉಸಿರು ಬಿಗಿಹಿಡಿದು ಅತಿಭಾರ ತಳ್ಳಿದ ಕಸರತ್ತುಗಾರರ ಧಮನಿಯೊಳಗಿನ ಒತ್ತಡವನ್ನು ಕೆನಡಾದಲ್ಲಿ 1985ರಲ್ಲಿ ನೇರವಾಗಿ ಅಳೆದಾಗ, ಆ ಕೆಲವು ಕ್ಷಣಗಳ ಮಟ್ಟಿಗೆ ಮೇಲಿನ ಅಂಕಿ 300ನ್ನೂ ದಾಟಿತ್ತು. ಹರೆಯದ ಆರೋಗ್ಯವಂತ ಅದನ್ನು ತಾಳಿಕೊಂಡಾನು. ನಲವತ್ತೈದರ, ಬಿ.ಪಿ. ಇದೆಯೆಂದೇ ಅರಿಯದ ಕೂಲಿಗಾರ ದಿನಕ್ಕೆ ಹತ್ತಾರು ಸಲ ಅದಕ್ಕೆ ಒಡ್ಡಿಕೊಳ್ಳುತ್ತಾನೆ. ವ್ಯಾಯಾಮ ಅರ್ಧ ತಾಸಿನದು, ಅನಂತರ ವಿಶ್ರಾಂತಿಯಿದೆ, ಒತ್ತಡ ಇಳಿಯಲು ಅವಕಾಶವಿದೆ. ಈ ದುಡಿತ ಎಂಟು ಹತ್ತು ತಾಸಿನದು. ನಾಡಿಯೂ ಒತ್ತಡವೂ ದಿನವಿಡೀ ಏರಿಯೇ ಇರುತ್ತವೆ, ರಾತ್ರಿ ಲಾರಿ ಬಂದರೆ ನಿದ್ದೆಯೂ ಇಲ್ಲ. ವೇಗವನ್ನು ನಿರ್ಧರಿಸುವವನು ದುಡಿಯುವವನಲ್ಲ, ಮುಂಗಡ ಕೊಟ್ಟ ಮುಕಾದಮ.

ದ್ರಾಕ್ಷಿಯ ಛಾಟಣಿಯದು ಬೇರೆ ತೊಂದರೆ. ತಾಸುಗಟ್ಟಲೆ ಒಂದೇ ಕಡೆ ನಿಂತು ಕೈ ಮೇಲೆತ್ತಿ ಮಾಡುವ ಕೆಲಸದಲ್ಲಿ ತೋಳು ಸೋಲುತ್ತದೆ, ಕಾಲು ಬಾವು ಬರುತ್ತದೆ. ಉಸಿರು ಮಾತ್ರ ಏರುವುದೇ ಇಲ್ಲ. ದಣಿವೆಷ್ಟು ಎಂಬುದು ಹೃದಯಕ್ಕೆ ಸಿಕ್ಕ ತರಬೇತಿಯ ಅಳತೆಯಲ್ಲ. ಇದಕ್ಕೆ ತದ್ವಿರುದ್ಧವಾಗಿ ಮಾಡಗ್ಯಾಳ ತಳಿಯ ಕುರಿಗಳ ಹಿಂದೆ ಕಂಬಳಿ ಹೊದ್ದು ನಡೆಯುವ ಕುರಿಗಾರರ ದುಡಿಮೆ ಬಹುಮಟ್ಟಿಗೆ ಏರೋಬಿಕ್ ಸ್ವರೂಪದ್ದು: ನಡಿಗೆ, ನೆರಳಿನಲ್ಲಿ ನಿಲುಗಡೆ, ಮತ್ತೆ ನಡಿಗೆ.

ಡೆನ್ಮಾರ್ಕಿನ ಮಾತನ್ನು ಇಲ್ಲಿಗೆ ಹಾಗೆಯೇ ತರಬಾರದು ಎಂಬ ಎಚ್ಚರವೂ ಅಗತ್ಯ. ಭಾರತವೂ ಸೇರಿದಂತೆ 17 ದೇಶಗಳ 1 ಲಕ್ಷ 30 ಸಾವಿರ ಜನರನ್ನು ಒಳಗೊಂಡು 2017ರಲ್ಲಿ ಪ್ರಕಟವಾದ ಪ್ಯೂರ್ ಅಧ್ಯಯನದಲ್ಲಿ ಮನೆಗೆಲಸ, ಹೊಲದ ಕೆಲಸ, ಕಾಲ್ನಡಿಗೆಯ ಓಡಾಟ ಇವೆಲ್ಲವೂ ಹೃದಯಕ್ಕೆ ಒಳಿತನ್ನೇ ಮಾಡಿದ್ದುವು. ಎರಡನ್ನೂ ಎದುರಿಗಿಟ್ಟುಕೊಂಡು ನನಗೆ ತೋಚುವುದಿಷ್ಟು: ಹೊಲದ ಕೆಲಸ ವ್ಯರ್ಥವಲ್ಲ, ಕುಳಿತಿರುವುದಕ್ಕಿಂತ ಅದು ಮೇಲು. ಆದರೆ ಭಾರ ಎತ್ತುವ, ಬಗ್ಗಿ ನಿಲ್ಲುವ, ಬಿಡುವಿಲ್ಲದ ದುಡಿತವನ್ನು ರಕ್ತದೊತ್ತಡದ ಮದ್ದೆಂದು ನಂಬಿ ಕೂರಲಾಗದು. ಹಂಗಾಮಿನಲ್ಲಿ ಇರುವವರಿಗೆ ಮತ್ತಷ್ಟು ನಡೆಯಿರಿ ಎನ್ನುವುದು ಕ್ರೌರ್ಯವಾದೀತು. ಅವರಿಗೆ ಬೇಕಾದುದು ನಡುವೆ ವಿಶ್ರಾಂತಿ, ಕುಡಿಯುವ ನೀರು, ನಿದ್ದೆ ಮತ್ತು ವರ್ಷಕ್ಕೊಮ್ಮೆಯಾದರೂ ಬಿ.ಪಿ. ತಪಾಸಣೆ. ಹೊರೆ ಎತ್ತುವಾಗ ಉಸಿರನ್ನು ಬಿಗಿಹಿಡಿಯದೆ ಹೊರಬಿಡುತ್ತ ಎತ್ತಿದರೆ ಒತ್ತಡದ ಏರಿಕೆ ಕಡಿಮೆಯಾಗುತ್ತದೆ. ಹಂಗಾಮು ಮುಗಿಸಿ ಊರಿಗೆ ಮರಳಿದ ಮೇಲಿನ ತಿಂಗಳುಗಳೇ ನಡಿಗೆಗೆ ಸರಿಯಾದ ಕಾಲ.

ಇನ್ನು ಊರಲ್ಲಿಯೇ ಇರುವವರ ಕಥೆ. ನೀರಿಗಾಗಿ ಮೈಲುಗಟ್ಟಲೆ ನಡೆದ ಬರದ ದಿನಗಳನ್ನು ನಮ್ಮ ಹಿರಿಯ ಹೆಣ್ಣುಮಕ್ಕಳು ಮರೆತಿಲ್ಲ. ಆ ಕಷ್ಟ ಮರಳಿ ಬರಲೆಂದು ಯಾರೂ ಬಯಸರು. ಆದರೆ ಟ್ಯಾಂಕರು, ನಳ, ಟ್ರ್ಯಾಕ್ಟರು, ಮೋಟಾರ್‌ಸೈಕಲ್ಲುಗಳು ಬಂದ ಮೇಲೆ ದುಡಿತದೊಳಗಿನ ನಡಿಗೆಯ ಪಾಲು ಹೋಯಿತು, ದಣಿವಿನ ಪಾಲು ಉಳಿಯಿತು. ತೋಟ ಒಂದು ಕಿಲೋಮೀಟರ್ ದೂರವಿದ್ದರೂ ಗಾಡಿಯೇ ಬೇಕು. ‘ನಾವು ಹೊಲದಾಗ ದುಡಿಯವ್ರು’ ಎಂಬ ಮಾತು ಅಪ್ಪನ ಕಾಲಕ್ಕೆ ಸತ್ಯವಾಗಿತ್ತು. ಮಗನ ಕಾಲಕ್ಕೆ ಅದು ಎಷ್ಟು ಸತ್ಯವೆಂಬುದನ್ನು ಮಗನ ಹೊಟ್ಟೆಯೇ ಹೇಳುತ್ತದೆ.

ಗುಡ್ಡಾಪುರದ ದಾರಿಯಲ್ಲಿ

ನಮ್ಮಲ್ಲಿ ಒಂದು ದೊಡ್ಡ ನಡಿಗೆ ಈಗಲೂ ಜೀವಂತವಾಗಿದೆ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ, ಸೊಲ್ಲಾಪುರ ಕಡೆಗಳಿಂದ ಭಕ್ತರು ಗುಡ್ಡಾಪುರದ ದಾನಮ್ಮದೇವಿಯ ಸನ್ನಿಧಿಗೆ ಕಾಲ್ನಡಿಗೆಯಲ್ಲಿ ಬರುತ್ತಾರೆ. ಉಮರಾಣಿಯಲ್ಲಿ ಹುಟ್ಟಿದ ಶರಣೆಯ ಹೆಸರಿನಲ್ಲಿ ನಡೆಯುವ ಈ ಪಾದಯಾತ್ರೆಗೆ ಗಡಿಯೆಂಬುದಿಲ್ಲ. ಹೃದಯದ ದೃಷ್ಟಿಯಿಂದ ಎರಡು ಮಾತುಗಳನ್ನು ಮಾತ್ರ ಇಲ್ಲಿ ಹೇಳಬೇಕಾಗಿದೆ.

ವರ್ಷಕ್ಕೊಮ್ಮೆಯ ನಡಿಗೆ ವರ್ಷಕ್ಕೆಲ್ಲ ಸಾಲದು. ಒತ್ತಡದ ಇಳಿಕೆ ಸ್ಥಿರಗೊಳ್ಳಲು ಎರಡು ಮೂರು ತಿಂಗಳ ನಿಯಮಿತ ನಡಿಗೆ ಬೇಕು, ಬಿಟ್ಟರೆ ಕೆಲವೇ ವಾರಗಳಲ್ಲಿ ಗಳಿಸಿದ್ದು ಕರಗುತ್ತದೆ. ಎರಡನೆಯದು ಇನ್ನೂ ಮುಖ್ಯ. ವರ್ಷವಿಡೀ ಕುಳಿತಿದ್ದು ಒಮ್ಮೆಲೇ ಮೈ ದಣಿಸುವುದು ಅಪಾಯಕರ. ಅಮೆರಿಕದಲ್ಲಿ ಹೃದಯಾಘಾತಕ್ಕೊಳಗಾದ 1,228 ಮಂದಿಯನ್ನು ವಿಚಾರಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ಶ್ರಮದ ನಂತರದ ಒಂದು ತಾಸಿನಲ್ಲಿ ಹೃದಯಾಘಾತದ ಸಂಭವ ಎಷ್ಟು ಪಟ್ಟು ಏರುತ್ತದೆಂದು ಲೆಕ್ಕಹಾಕಲಾಯಿತು. ವಾರಕ್ಕೆ ಐದು ಸಲ ಅಥವಾ ಹೆಚ್ಚು ವ್ಯಾಯಾಮ ಮಾಡುವವರಲ್ಲಿ ಅದು 2.4 ಪಟ್ಟು. ವಾರಕ್ಕೊಮ್ಮೆಯೂ ಮಾಡದವರಲ್ಲಿ 107 ಪಟ್ಟು!

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೇ ವಯಸ್ಸಿನಲ್ಲಿ, ಎಂದಿನ ವ್ಯಾಯಾಮದ ನಂತರ ಅಸ್ವಸ್ಥರಾಗಿ ಹೃದಯಾಘಾತದಿಂದ ತೀರಿಕೊಂಡಾಗ ಕನ್ನಡ ನಾಡೆಲ್ಲ ಕಂಗೆಟ್ಟಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು, ಅನೇಕರು ವ್ಯಾಯಾಮವನ್ನೇ ಬಿಟ್ಟರು. ತಪಾಸಣೆಗೆ ಹೋದುದು ಸರಿ. ವ್ಯಾಯಾಮ ಬಿಟ್ಟುದು ತಿರುಗುಮುರುಗಾದ ಪಾಠ. ಒಬ್ಬ ವ್ಯಕ್ತಿಯ ಸಾವಿನ ಕಾರಣವನ್ನು ದೂರದಲ್ಲಿ ಕುಳಿತು ವ್ಯಾಯಾಮದ ತಲೆಗೆ ಕಟ್ಟುವುದು ತರವಲ್ಲ. ಸಾವಿರಾರು ಜನರ ಲೆಕ್ಕದಲ್ಲಿ ಕಾಣುವ ಮಾತು ಮಾತ್ರ ಸ್ಪಷ್ಟವಾಗಿದೆ: ಆ ಒಂದು ತಾಸಿನ ಅಪಾಯವನ್ನು ಕುಗ್ಗಿಸುವುದೂ ನಿತ್ಯದ ವ್ಯಾಯಾಮವೇ.

ಪಾದಯಾತ್ರೆಗೆ ಹೊರಡುವವರು, ವಿಶೇಷವಾಗಿ ನಲವತ್ತು ದಾಟಿದವರು, ಆರೆಂಟು ವಾರ ಮೊದಲೇ ದಿನಕ್ಕೆ ಹದಿನೈದು ನಿಮಿಷದಿಂದ ಆರಂಭಿಸಿ ಏರಿಸುತ್ತ ಹೋಗಬೇಕು. ಗುಳಿಗೆಯ ಪೊಟ್ಟಣ ಜೋಳಿಗೆಯಲ್ಲಿರಬೇಕು. ನಡೆಯುವಾಗ ಎದೆ ಹಿಂಡಿದಂತಾಗುವುದು, ನೋವು ಎಡತೋಳಿಗೋ ದವಡೆಗೋ ಹರಡುವುದು, ಅಕಾರಣ ಬೆವರು, ಕಣ್ಣು ಕತ್ತಲೆ ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಯೇ ನಿಂತು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ‘ಗ್ಯಾಸ್ ಆಗೇತಿ’ ಎಂದು ಸೋಡಾ ಕುಡಿದು ಕಾಯಬಾರದು. ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ ಆಂಬುಲೆನ್ಸಿಗೆ 108 ಸಂಖ್ಯೆಯೇ.

ಯಾರು, ಎಲ್ಲಿ, ಹೇಗೆ

ಗಂಡಸರಿಗೆ ರಸ್ತೆಯಿದೆ. ಹೆಂಗಸರು ನಸುಕಿನಲ್ಲಿ ರಸ್ತೆಗಿಳಿದರೆ ನಾಯಿಗಳ ಕಾಟ, ವಾಹನಗಳ ಕಾಟ, ಅದಕ್ಕಿಂತ ಹೆಚ್ಚಾಗಿ ಜನರ ಬಾಯಿ. ಅವರಲ್ಲಿ ಚಟುವಟಿಕೆ ಕಡಿಮೆಯೆಂದು ಅಂಕಿ ಹೇಳುವಾಗ ಈ ಕಾರಣಗಳನ್ನು ಹೇಳುವುದಿಲ್ಲ. ಬಚತ ಗಟಗಳ ಸದಸ್ಯೆಯರು ನಾಲ್ಕೈದು ಮಂದಿ ಕೂಡಿ ನಡೆದರೆ ಬಾಯಿಗಳು ತಾವಾಗಿ ಮುಚ್ಚುತ್ತವೆ. ಶಾಲೆಯ ಮೈದಾನ ಮುಂಜಾನೆ ಖಾಲಿಯಿರುತ್ತದೆ. ಅದನ್ನು ಹೆಣ್ಣುಮಕ್ಕಳಿಗೆ ತೆರೆದಿಡಲು ಶಾಲಾ ವ್ಯವಸ್ಥಾಪನ ಸಮಿತಿ ಒಂದು ಠರಾವು ಮಾಡಿದರೆ ಸಾಕು, ಖರ್ಚಿಲ್ಲ. ಗುಡಿಯ ಪ್ರದಕ್ಷಿಣೆಯನ್ನು ಹನ್ನೊಂದರ ಬದಲು ಐವತ್ತೊಂದು ಸುತ್ತು ಬಿರುಸಾಗಿ ಹಾಕುವುದಕ್ಕೂ ಯಾರ ಆಕ್ಷೇಪವಿಲ್ಲ. ನಮ್ಮ ಬಿಸಿಲಿನಲ್ಲಿ ಮಾರ್ಚಿನಿಂದ ಜೂನಿನವರೆಗೆ ಸೂರ್ಯೋದಯಕ್ಕೆ ಮೊದಲಿನ ಹೊತ್ತೇ ಯೋಗ್ಯ.

ನಡಿಗೆ ಎಲ್ಲವನ್ನೂ ತೊಳೆಯುವುದಿಲ್ಲ. ತಂಬಾಕು ಅಗಿದರೂ, ಗುಟಕಾ ತಿಂದರೂ, ಮಿಶ್ರಿ ತಿಕ್ಕಿದರೂ ನಿಕೋಟಿನ್ ರಕ್ತಕ್ಕೆ ಸೇರಿ ನಾಡಿಯನ್ನೂ ಒತ್ತಡವನ್ನೂ ಏರಿಸುತ್ತದೆ. ಮಿಶ್ರಿಯನ್ನು ಚಟವೆಂದೇ ಎಣಿಸದ ಮನೆಗಳು ನಮ್ಮಲ್ಲಿ ಬಹಳ. ಉಪ್ಪು ದಿನಕ್ಕೆ 5 ಗ್ರಾಮಿಗಿಂತ, ಎಂದರೆ ಒಂದು ಸಣ್ಣ ಚಮಚಕ್ಕಿಂತ, ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜೋಳದ ರೊಟ್ಟಿಯಲ್ಲಿ ಉಪ್ಪು ಅಷ್ಟಾಗಿ ಇಲ್ಲ. ಅದರ ಜೊತೆಗಿನ ಶೇಂಗಾ ಹಿಂಡಿ, ಉಪ್ಪಿನಕಾಯಿ, ಕೆಂಪು ಖಾರಗಳಲ್ಲಿದೆ.

ಗುಳಿಗೆ ನುಂಗುತ್ತಿರುವವರಿಗೆ ಕೆಲವು ಸೂಚನೆಗಳು. ಮೇಲಿನ ಅಂಕಿ 180 ಅಥವಾ ಕೆಳಗಿನದು 110 ದಾಟಿದ್ದರೆ ಮೊದಲು ವೈದ್ಯರು, ಆಮೇಲೆ ನಡಿಗೆ. ಅಟೆನೊಲಾಲ್, ಮೆಟೊಪ್ರೊಲಾಲ್ ಬಗೆಯ ಗುಳಿಗೆಗಳು ನಾಡಿಯನ್ನು ತಗ್ಗಿಸಿ ಇಡುತ್ತವೆ. ಅಂಥವರು ನಾಡಿ ಎಣಿಸಿ ವೇಗ ಅಳೆಯದೆ, ಮಾತು-ಹಾಡಿನ ಅಳತೆಯನ್ನೇ ಬಳಸಬೇಕು. ಮೂತ್ರ ಹೆಚ್ಚಿಸುವ ಗುಳಿಗೆಯವರು ಬಿಸಿಲಿನ ನಡಿಗೆಯಿಂದ ದೂರವಿರಬೇಕು. ನಡಿಗೆ ಮುಗಿದೊಡನೆ ಗಕ್ಕನೆ ನಿಂತರೆ ಒತ್ತಡ ಕುಸಿದು ತಲೆ ತಿರುಗಬಹುದು, ಕೊನೆಯ ಐದು ನಿಮಿಷ ನಿಧಾನವಾಗಿ ನಡೆಯುವುದು ಒಳ್ಳೆಯದು.

ಫಲ ದೊರೆಯುತ್ತಿದೆಯೋ ಇಲ್ಲವೋ ತಿಳಿಯಲು ಸರಿಯಾಗಿ ಅಳೆಯಬೇಕು. ಅಳತೆಗೆ ಮುನ್ನ ಅರ್ಧ ತಾಸು ಚಹ, ತಂಬಾಕು, ನಡಿಗೆ ಯಾವುದೂ ಬೇಡ. ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆಯಿಟ್ಟು ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು, ಮಾತನಾಡದೆ ಅಳೆಸಿಕೊಳ್ಳಬೇಕು. ಒಂದು ನಿಮಿಷ ಬಿಟ್ಟು ಎರಡನೆಯ ಸಲ. ಉಪಕೇಂದ್ರಗಳಲ್ಲಿ ಇದು ಉಚಿತ. ತಾರೀಖು, ಹೊತ್ತು, ಎರಡೂ ಅಂಕಿ, ಆ ವಾರ ಎಷ್ಟು ದಿನ ನಡೆದದ್ದು ಎಂಬುದನ್ನು ಮಕ್ಕಳ ಹಳೆಯ ವಹಿಯೊಂದರಲ್ಲಿ ಕನ್ನಡದಲ್ಲಿಯೇ ಬರೆಸಿಡಿ. ಮೂರು ತಿಂಗಳ ಮೇಲೆ ಆ ವಹಿಯನ್ನು ವೈದ್ಯರ ಮುಂದಿಡಿ. ಗುಳಿಗೆ ಹಾಗೆಯೇ ಇರಬೇಕೋ, ಕಡಿಮೆಯಾಗಬೇಕೋ ಎಂಬುದನ್ನು ಅದನ್ನು ನೋಡಿ ಅವರು ನಿರ್ಧರಿಸುತ್ತಾರೆ. ಅದುವರೆಗೆ ಒಂದು ದಿನದ ಗುಳಿಗೆಯನ್ನೂ ತಪ್ಪಿಸಬೇಡಿ.